ಕುರ್ಚಿಯಿಂದ ಏಳಲಾಗದವರ ಲೆಕ್ಕ ಯಾರ ಬಳಿ ಇದೆ?

ಸಂಪಾದಕರಿಗೆ,

ಮಾನ್ಯರೇ,

ಕೋವಿಡ್-19 ಕಾಯಿಲೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು ಜಾಗತಿಕ ಸಾಂಕ್ರಾಮಿಕವೆಂದು ಕರೆದದ್ದು 2020ರ ಮಾರ್ಚ್ 11ರಂದು. ಅದರ ತುರ್ತುಸ್ಥಿತಿ ಮುಗಿಯಿತೆಂದು ಸಾರಿದ್ದು 2023ರ ಮೇ 5ರಂದು. ಈ ನಡುವಿನ ಅವಧಿಯ ಬಹುಭಾಗದಲ್ಲಿ ಪತ್ರಿಕೆಗಳು ಸೋಂಕಿತರು, ಗುಣಮುಖರಾದವರು, ಮೃತರು ಎಂಬ ಮೂರು ಅಂಕಣಗಳ ಕೋಷ್ಟಕವನ್ನು ಒಂದಲ್ಲ ಒಂದು ರೂಪದಲ್ಲಿ ಪ್ರಕಟಿಸುತ್ತ ಬಂದವು. ಆ ಲೆಕ್ಕ ಬೇಕೇ ಬೇಕಿತ್ತು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಸೋಂಕು ತಗುಲದೆಯೂ, ಆಸ್ಪತ್ರೆಯ ಮೆಟ್ಟಿಲು ಹತ್ತದೆಯೂ, ಕೇವಲ ದಿನಚರಿ ಹದಗೆಟ್ಟದ್ದರಿಂದ ಆರೋಗ್ಯ ಕಳೆದುಕೊಂಡ ವಯಸ್ಕರಿಗೆ ಆ ಕೋಷ್ಟಕದಲ್ಲಿ ಜಾಗವಿರಲಿಲ್ಲ. ಈಗಲೂ ಇಲ್ಲ. ಅವರ ನಷ್ಟವನ್ನು ನಾವು ಅವರವರ ಸೋಮಾರಿತನದ ಖಾತೆಗೆ ಬರೆದು ಕೈತೊಳೆದುಕೊಂಡಿದ್ದೇವೆ ಎಂಬುದೇ ಈ ಪತ್ರ ಬರೆಯಲು ಕಾರಣ.

ವೃತ್ತಿಯಿಂದ ನಾನು ಫಿಸಿಯೊಥೆರಪಿಸ್ಟ್. ನಮ್ಮ ಬಳಿ ಬಹಳ ಸರಳವಾದ ಒಂದು ಪರೀಕ್ಷೆಯಿದೆ: ಎರಡೂ ತೋಳುಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಕುರ್ಚಿಯಿಂದ ಐದು ಬಾರಿ ಪೂರ್ತಿ ಎದ್ದು ನಿಂತು ಮತ್ತೆ ಕೂರಬೇಕು. ಅದಕ್ಕೆ 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಲುಗಳ ಬಲ ತಗ್ಗಿದೆಯೆಂದು ನಾವು ಎಚ್ಚರಗೊಳ್ಳುತ್ತೇವೆ. ಲಾಕ್‌ಡೌನ್‌ಗಳು ಸಡಿಲವಾದ ಮೇಲೆ ಮೊಣಕಾಲು ನೋವೆಂದು ಬಂದ ಹಿರಿಯರಲ್ಲಿ ಅನೇಕರು ಈ ಪರೀಕ್ಷೆಯನ್ನು ಶುರು ಮಾಡುವುದಕ್ಕೇ ತಡವರಿಸುತ್ತಿದ್ದರು. ‘ಏಳಿ’ ಎಂದೊಡನೆ ಕಟ್ಟಿಕೊಂಡಿದ್ದ ಕೈಗಳು ತಾವಾಗಿ ಬಿಡಿಸಿಕೊಂಡು ಕುರ್ಚಿಯ ಹಿಡಿಗೆ ತಡಕಾಡುತ್ತವೆ, ಮುಂಡ ಎರಡು ಸಲ ಹಿಂದೆ ಮುಂದೆ ತೂಗುತ್ತದೆ, ಆಮೇಲೆ ಅರ್ಧಕ್ಕೆ ಎದ್ದ ದೇಹ ಧಪ್ಪನೆ ಮತ್ತೆ ಕುರ್ಚಿಗೇ ಬೀಳುತ್ತದೆ. ಕೀಲು ತೀರಾ ಸವೆದಿರುವುದಿಲ್ಲ. ಅದನ್ನು ಎತ್ತಿ ಹಿಡಿಯಬೇಕಾದ ತೊಡೆಯ ಸ್ನಾಯು ಸೊರಗಿರುತ್ತದೆ. ಆರೋಗ್ಯವಂತ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ನಡೆಸಿದ, 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಾಲುಗಳಿಂದಲೇ ಹೆಚ್ಚುಕಡಿಮೆ 1 ಕಿಲೊ ಸ್ನಾಯು ಕರಗಿತ್ತು. ಮನೆಯೊಳಗೆ ಇರುವುದೂ ಹಾಸಿಗೆ ಹಿಡಿಯುವುದೂ ಒಂದೇ ಅಲ್ಲ, ನಿಜ. ಆದರೆ ಒಂದು 10 ದಿನಗಳ ಮಾತಾದರೆ ಇನ್ನೊಂದು ತಿಂಗಳುಗಳ ಮಾತು. ಅದೂ ಅಲ್ಲದೆ, ಕಳೆದುಕೊಂಡ ಸ್ನಾಯುವನ್ನು ಇಪ್ಪತ್ತೈದರ ವಯಸ್ಸಿನವರು ಮರಳಿ ಗಳಿಸಿದಷ್ಟು ಸಲೀಸಾಗಿ ಎಪ್ಪತ್ತರವರು ಗಳಿಸಲಾರರು.

ನಡಿಗೆ ಎಷ್ಟು ಬೇಗ ಕುಸಿಯಿತೆಂಬುದಕ್ಕೆ ಒಳ್ಳೆಯ ಪುರಾವೆಯಿದೆ. 187 ದೇಶಗಳ ಸುಮಾರು 4.55 ಲಕ್ಷ ಮಂದಿಯ ಮೊಬೈಲ್ ಫೋನ್‌ಗಳು ಎಣಿಸಿದ ಹೆಜ್ಜೆಗಳನ್ನು ಆಧರಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಸಾಂಕ್ರಾಮಿಕದ ಘೋಷಣೆಯಾದ 10 ದಿನಗಳೊಳಗೆ ದಿನದ ಸರಾಸರಿ ಹೆಜ್ಜೆಗಳು ಶೇ 5.5ರಷ್ಟು, 30 ದಿನಗಳೊಳಗೆ ಶೇ 27.3ರಷ್ಟು ಇಳಿದಿದ್ದವು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಇವರೆಲ್ಲ ಬೆಳಗಿನ ವ್ಯಾಯಾಮವನ್ನು ಬಿಟ್ಟದ್ದರಿಂದಲೇ ಈ ಇಳಿಕೆ ಆಯಿತೆಂದು ತಿಳಿಯುವ ಅಗತ್ಯವಿಲ್ಲ. ವ್ಯಾಯಾಮವೆಂದು ಯಾರೂ ಹೆಸರಿಡದ ನಡಿಗೆಯೊಂದು ಎಲ್ಲರ ದಿನದಲ್ಲೂ ಇರುತ್ತದೆ: ನಿಲ್ದಾಣದವರೆಗೆ ಹೋಗುವುದು, ಕಚೇರಿಯ ಮೆಟ್ಟಿಲು ಹತ್ತುವುದು, ಸಹೋದ್ಯೋಗಿಯ ಮೇಜಿನವರೆಗೆ ಹೋಗಿ ಎರಡು ಮಾತಾಡಿ ಬರುವುದು, ಊಟದ ಬಿಡುವಿನಲ್ಲಿ ಹೊರಗೆ ಒಂದು ಸುತ್ತು ಹಾಕುವುದು. ಇದಕ್ಕೆ ಸಂಕಲ್ಪ ಬೇಕಿಲ್ಲ, ಬೂಟು ಬೇಕಿಲ್ಲ. ದಿನ ತಾನಾಗಿ ನಮ್ಮಿಂದ ಇದನ್ನು ಮಾಡಿಸುತ್ತದೆ. ಮಲಗುವ ಕೋಣೆಯ ಮೂಲೆಯೇ ಕಚೇರಿಯಾದಾಗ ಮಾಯವಾದದ್ದು ಈ ನಡಿಗೆ. ಹೆಸರಿಲ್ಲದ್ದರಿಂದ, ಅದು ಹೋದದ್ದು ಬಹುಮಂದಿಯ ಅರಿವಿಗೇ ಬರಲಿಲ್ಲ.

‘ಈಗ ಎಲ್ಲವೂ ತೆರೆದಿದೆಯಲ್ಲ, ಮತ್ತೆ ನಡೆಯಲು ಅಡ್ಡಿ ಏನು?’ ಎಂಬ ಪ್ರಶ್ನೆಯನ್ನು ನಾನು ವೈದ್ಯರ ಬಾಯಲ್ಲೂ ಕೇಳಿದ್ದೇನೆ. ಅಭ್ಯಾಸವೆಂಬುದು ಮನೋಬಲದ ಮೇಲಷ್ಟೇ ನಿಂತಿರುತ್ತದೆ ಎಂಬ ಗ್ರಹಿಕೆ ಈ ಪ್ರಶ್ನೆಯ ಹಿಂದಿದೆ. ವಾಸ್ತವದಲ್ಲಿ ಅಭ್ಯಾಸಗಳು ನಿಂತಿರುವುದು ಇಂಥ ಹೊತ್ತು, ಇಂಥ ಜಾಗ, ಇಂಥವರ ಜೊತೆ ಎಂಬ ಕಟ್ಟಿನ ಮೇಲೆ. ಕಟ್ಟು ಸಡಿಲಗೊಂಡರೆ ಅಭ್ಯಾಸ ಕುಸಿಯುತ್ತದೆ, ಅದರ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಸ್ವಯಂಸೇವಕರೊಂದಿಗೆ ನಡೆಸಿದ ಪ್ರಸಿದ್ಧ ಅಧ್ಯಯನದಲ್ಲಿ, ಹೊಸ ನಡವಳಿಕೆಯೊಂದು ಯೋಚಿಸದೆಯೇ ಆಗುವಷ್ಟು ರೂಢಿಯಾಗಲು ಹಿಡಿದ ಕಾಲ ಸುಮಾರು 66 ದಿನ; ಒಬ್ಬೊಬ್ಬರಿಗೆ ಒಂದೊಂದು ತೆರನಾಗಿ, ಅದು 18ರಿಂದ 254 ದಿನಗಳವರೆಗೂ ಹಬ್ಬಿತ್ತು. ಅಂದರೆ, ಕೆಲವು ವಾರಗಳ ನಿರ್ಬಂಧವೇ ಹೊಸ ರೂಢಿಯೊಂದು ಬೇರೂರಲು ಅನೇಕರಿಗೆ ಸಾಕಿತ್ತು. ದೇಹ ಜಡತ್ವವನ್ನು ಕಲಿತದ್ದು ಸರ್ಕಾರಗಳ ಆದೇಶವನ್ನು ಪಾಲಿಸಿದ್ದರಿಂದ. ಹೀಗಿರುವಾಗ, ಆದೇಶ ತೆರವಾದ ಮರುದಿನವೇ ಹಳೆಯ ದಿನಚರಿ ತಾನಾಗಿ ಮರಳಬೇಕೆಂದು ನಿರೀಕ್ಷಿಸಿ, ಮರಳದಿದ್ದಾಗ ಜನರನ್ನು ದೂರುವುದು ನ್ಯಾಯವಲ್ಲ.

ಇದರ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ತಪ್ಪಾದೀತು. 2022ರಲ್ಲಿ ಜಗತ್ತಿನ ವಯಸ್ಕರಲ್ಲಿ ಶೇ 31ರಷ್ಟು ಮಂದಿ, ಅಂದರೆ ಸುಮಾರು 180 ಕೋಟಿ ಜನ, ಶಿಫಾರಸು ಮಾಡಿದಷ್ಟು ದೈಹಿಕ ಚಟುವಟಿಕೆ ಮಾಡುತ್ತಿರಲಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ತಿಳಿಸಿತು. ಶಿಫಾರಸಾದರೂ ದೊಡ್ಡದೇನಲ್ಲ: ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ, ಜೊತೆಗೆ ಎರಡು ದಿನವಾದರೂ ಸ್ನಾಯುಗಳನ್ನು ಗಟ್ಟಿಗೊಳಿಸುವ ವ್ಯಾಯಾಮ. ಆದರೆ ಈ ಶೇ 31ರ ಹೊಣೆಯನ್ನೆಲ್ಲ ಸಾಂಕ್ರಾಮಿಕದ ತಲೆಗೆ ಕಟ್ಟುವಂತಿಲ್ಲ. 2010ರಿಂದಲೂ ಈ ಪ್ರಮಾಣ ಏರುತ್ತಲೇ ಇತ್ತು. ಮೊದಲೇ ಇಳಿಜಾರಿನಲ್ಲಿದ್ದವರನ್ನು ಸಾಂಕ್ರಾಮಿಕ ಇನ್ನಷ್ಟು ಕೆಳಗೆ ತಳ್ಳಿತು.

ನಿದ್ರೆಯ ವಿಷಯದಲ್ಲಿ ಚಿತ್ರ ಇಷ್ಟು ನೇರವಾಗಿಲ್ಲ. ನಿರ್ಬಂಧದ ಮೊದಲ ತಿಂಗಳುಗಳಲ್ಲಿ ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳಲ್ಲಿ ಜನ ತಡವಾಗಿ ಮಲಗಿ ತಡವಾಗಿ ಎದ್ದದ್ದು, ಒಟ್ಟಾರೆ ತುಸು ಹೆಚ್ಚೇ ಹೊತ್ತು ಮಲಗಿದ್ದು, ಕೆಲಸದ ದಿನಕ್ಕೂ ರಜೆಯ ದಿನಕ್ಕೂ ನಡುವಿನ ನಿದ್ರೆಯ ಅಂತರ ತಗ್ಗಿದ್ದು ಕಂಡುಬಂತು. ರಾತ್ರಿ ತಡವಾಗಿ ನಿದ್ರೆ ಬರುವ ದೇಹಪ್ರಕೃತಿಯವರಿಗೆ ಇದು ವರವೇ ಆಗಿತ್ತು. ಹಾಗಿದ್ದೂ ನಿದ್ರೆಯ ಗುಣಮಟ್ಟ ಕೆಟ್ಟಿತೆಂದು ಅದೇ ಜನ ಹೇಳಿದರು. ಒಂಬತ್ತು ಗಂಟೆಯ ಆನ್‌ಲೈನ್ ಸಭೆಗೆ ಎಂಟೂ ಐವತ್ತೈದಕ್ಕೆ ಅಲಾರಾಂ ಇಟ್ಟುಕೊಂಡು, ದಿಂಬಿಗೆ ಒರಗಿಯೇ ಲ್ಯಾಪ್‌ಟಾಪ್ ತೆರೆದು, ಕ್ಯಾಮೆರಾ ಮುಚ್ಚಿ ಹಾಜರಿ ಹೇಳುವವರ ಮೈಗೆ ಬೆಳಗಿನ ಬೆಳಕು ಬೀಳುವುದಿಲ್ಲ. ಆ ಬೆಳಕೇ ದೇಹದ ಗಡಿಯಾರಕ್ಕೆ ದಿನವೂ ಕೀಲಿ ಕೊಡುವಂಥದ್ದು. ರಾತ್ರಿ ಅದೇ ಹಾಸಿಗೆಯಲ್ಲಿ ಅದೇ ಪರದೆಯ ಎದುರು ಕೆಲಸ ಮುಂದುವರಿದರೆ, ಮಲಗುವ ಜಾಗ ಯಾವುದು, ದುಡಿಯುವ ಜಾಗ ಯಾವುದೆಂಬ ಭೇದ ಅಳಿಸಿಹೋಗುತ್ತದೆ. ಸಾಂಕ್ರಾಮಿಕ ಹೋದರೂ ಹಾಸಿಗೆಯ ಮೇಲಿನ ಕಚೇರಿ ಅನೇಕರ ಮನೆಯಲ್ಲಿ ಉಳಿದುಬಿಟ್ಟಿದೆ. ಕುತ್ತಿಗೆ, ಹೆಗಲು, ಸೊಂಟದ ನೋವಿನ ರೂಪದಲ್ಲಿ ಅದು ನಮ್ಮಂಥವರ ಬಳಿಗೂ ಬರುತ್ತದೆ.

ಆಹಾರ ಮತ್ತು ತೂಕದ ಬಗ್ಗೆ ಆಗಲೇ ಸಾಕಷ್ಟು ಬರೆಯಲಾಗಿದೆ. ನಾನು ಹೆಚ್ಚು ಹೇಳುವುದಿಲ್ಲ. ಸರಾಸರಿ ತೂಕ ಏರಿದ್ದು ಜನ ಗೇಲಿ ಮಾಡಿದಷ್ಟೇನೂ ಅಲ್ಲ. ಆದರೆ ಕೆಲವರು ಇಳಿದು ಕೆಲವರು ಬಹಳ ಏರಿದಾಗ ಸರಾಸರಿ ಸೌಮ್ಯವಾಗಿಯೇ ಕಾಣುತ್ತದೆ. ಮದ್ಯದ ವಿಷಯದಲ್ಲಿ ಈ ಇಬ್ಭಾಗ ಇನ್ನೂ ಸ್ಪಷ್ಟ. ಗೆಳೆಯರ ಕೂಟದಲ್ಲಿ ಮಾತ್ರ ಕುಡಿಯುತ್ತಿದ್ದವರು ಕೂಟವೇ ಇಲ್ಲದ್ದರಿಂದ ಕಡಿಮೆ ಮಾಡಿದರು. ಮೊದಲೇ ಅತಿಯಾಗಿ ಕುಡಿಯುತ್ತಿದ್ದವರಲ್ಲಿ ಅನೇಕರು, ನೋಡುವವರಿಲ್ಲದ ಮನೆಯಲ್ಲಿ, ಇನ್ನಷ್ಟು ಕುಡಿದರು. ಅಮೆರಿಕದಲ್ಲಿ 2019ಕ್ಕೆ ಹೋಲಿಸಿದರೆ 2020ರಲ್ಲಿ ಮದ್ಯಕ್ಕೆ ಸಂಬಂಧಿಸಿದ ಸಾವುಗಳು ಸುಮಾರು ಶೇ 25ರಷ್ಟು ಹೆಚ್ಚಿದವು. ಕೋವಿಡ್ ಸಾವುಗಳ ಪಟ್ಟಿಯಲ್ಲಿ ಈ ಸಾವುಗಳನ್ನು ಹುಡುಕಿದರೆ ಸಿಗುವುದಿಲ್ಲ.

ನನ್ನ ದೃಷ್ಟಿಯಲ್ಲಿ ಅತ್ಯಂತ ಗಂಭೀರವಾದದ್ದು ಮುಂದೂಡಿದ ಚಿಕಿತ್ಸೆ. 2020ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ 155 ದೇಶಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಶೇ 53ರಷ್ಟು ದೇಶಗಳಲ್ಲಿ ಅಧಿಕ ರಕ್ತದೊತ್ತಡದ ಚಿಕಿತ್ಸೆ, ಶೇ 49ರಷ್ಟು ದೇಶಗಳಲ್ಲಿ ಮಧುಮೇಹದ ಚಿಕಿತ್ಸೆ, ಶೇ 42ರಷ್ಟು ದೇಶಗಳಲ್ಲಿ ಕ್ಯಾನ್ಸರ್ ಚಿಕಿತ್ಸೆ ಪೂರ್ತಿಯಾಗಿಯೋ ಭಾಗಶಃವಾಗಿಯೋ ಅಸ್ತವ್ಯಸ್ತಗೊಂಡಿತ್ತು. ವಿಪರ್ಯಾಸವೆಂದರೆ, ಕೋವಿಡ್ ತಗುಲಿದರೆ ಹೆಚ್ಚು ಅಪಾಯವಿದ್ದದ್ದು ಈ ಕಾಯಿಲೆಗಳಿದ್ದವರಿಗೇ. ಇದರಲ್ಲಿ ವ್ಯವಸ್ಥೆಯ ಪಾಲೆಷ್ಟಿತ್ತೋ ಭಯದ ಪಾಲೂ ಅಷ್ಟೇ ಇತ್ತು. ‘ಈಗ ಆಸ್ಪತ್ರೆಗೆ ಹೋಗಿ ಇಲ್ಲದ ರೋಗ ಅಂಟಿಸಿಕೊಳ್ಳುವುದೇಕೆ’ ಎಂದು ತಪಾಸಣೆ ಮುಂದಕ್ಕೆ ಹಾಕಿದವರು, ಮಾತ್ರೆಯ ಪಟ್ಟಿ ಮುಗಿಯುತ್ತ ಬಂದಂತೆ ದಿನಕ್ಕೊಂದರ ಬದಲು ದಿನ ಬಿಟ್ಟು ದಿನ ನುಂಗಿದವರು, ಆಮೇಲೆ ‘ಮಾತ್ರೆಯಿಲ್ಲದೆಯೂ ಏನೂ ಆಗಲಿಲ್ಲವಲ್ಲ’ ಎಂದು ಬಿಟ್ಟೇಬಿಟ್ಟವರು ಎಲ್ಲ ಕಡೆಯೂ ಇದ್ದರು. ಬಿಪಿ ಏರಿದ್ದು ಹೊರಗೆ ಗೊತ್ತಾಗುವುದಿಲ್ಲ. ಅಳೆದರಷ್ಟೇ ಗೊತ್ತಾಗುತ್ತದೆ, ಅಳೆಯುವುದು ನಿಂತಿತ್ತು. ಅಮೆರಿಕದ ಸುಮಾರು 4.6 ಲಕ್ಷ ವಯಸ್ಕರ ದಾಖಲೆಗಳನ್ನು ಪರಿಶೀಲಿಸಿ 2021ರ ಕೊನೆಗೆ ಪ್ರಕಟವಾದ ಅಧ್ಯಯನದ ಪ್ರಕಾರ, 2020ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ ತಿಂಗಳುಗಳಲ್ಲಿ ರಕ್ತದೊತ್ತಡದ ಮೇಲಿನ ಅಂಕಿ ಹಿಂದಿನ ವರ್ಷಕ್ಕಿಂತ ಸರಾಸರಿ 1.1ರಿಂದ 2.5 ಮಿಲಿಮೀಟರಿನಷ್ಟು ಹೆಚ್ಚಿತ್ತು. ಒಬ್ಬರ ಮಟ್ಟಿಗೆ ಇದು ನಗಣ್ಯವೆನಿಸಬಹುದು. ಆದರೆ ನಡುವಯಸ್ಸಿನವರಲ್ಲಿ ಈ ಅಂಕಿ 2 ಮಿಲಿಮೀಟರ್ ಕಡಿಮೆಯಿದ್ದರೂ ಪಾರ್ಶ್ವವಾಯುವಿನ ಸಾವು ಸುಮಾರು ಶೇ 10ರಷ್ಟು ಕಡಿಮೆಯಿರುತ್ತದೆಂದು ಬಹಳ ಹಿಂದೆಯೇ, 2002ರಲ್ಲಿ, ದೊಡ್ಡ ವಿಶ್ಲೇಷಣೆಯೊಂದು ತೋರಿಸಿಕೊಟ್ಟಿದೆ. ಇಡೀ ಸಮುದಾಯದ ಬಿಪಿ ಅದೇ 2 ಮಿಲಿಮೀಟರ್ ಮೇಲಕ್ಕೆ ಸರಿದರೆ ಅದರ ಪರಿಣಾಮ ಕಾಣಿಸಿಕೊಳ್ಳುವುದು ವರ್ಷಗಳ ನಂತರ. ಆಗ ಅದನ್ನು ಸಾಂಕ್ರಾಮಿಕದೊಂದಿಗೆ ಜೋಡಿಸಿ ನೋಡುವವರು ವಿರಳ.

ಮನಸ್ಸಿನ ಆರೋಗ್ಯವನ್ನು ಬೇರೆ ವಿಷಯವೆಂದು ಬದಿಗಿಡುವ ರೂಢಿಯೂ ಸರಿಯಲ್ಲ. ಸಾಂಕ್ರಾಮಿಕದ ಮೊದಲ ವರ್ಷದಲ್ಲಿ ಆತಂಕ ಮತ್ತು ಖಿನ್ನತೆ ಜಗತ್ತಿನಾದ್ಯಂತ ಶೇ 25ರಷ್ಟು ಹೆಚ್ಚಿತೆಂದು, ಹೆಂಗಸರು ಮತ್ತು ಎಳೆಯ ವಯಸ್ಸಿನವರು ಅದರಲ್ಲಿ ಹೆಚ್ಚು ನೊಂದರೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ಹೇಳಿತು. ಖಿನ್ನತೆಯಲ್ಲಿರುವವರಿಗೆ ನಡೆಯುವ ಮನಸ್ಸಾಗುವುದಿಲ್ಲ, ನಡೆಯದವರಿಗೆ ನಿದ್ರೆ ಬರುವುದಿಲ್ಲ, ನಿದ್ರೆಗೆಟ್ಟವರು ಹೊತ್ತಲ್ಲದ ಹೊತ್ತಿನಲ್ಲಿ ತಿನ್ನುತ್ತಾರೆ. ಇವನ್ನು ಬೇರೆ ಬೇರೆ ವಿಭಾಗಗಳ ವೈದ್ಯರಿಗೆ ಹಂಚಿಬಿಟ್ಟರೆ ಯಾರ ಕೈಗೂ ಪೂರ್ತಿ ಮನುಷ್ಯ ಸಿಗುವುದಿಲ್ಲ.

ಲಾಭಗಳೇ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಕೈ ತೊಳೆಯುವುದು, ಕೆಮ್ಮುವಾಗ ಬಾಯಿ ಮುಚ್ಚಿಕೊಳ್ಳುವುದು, ನೆಗಡಿಯಿದ್ದಾಗ ಮನೆಯಲ್ಲಿ ಉಳಿಯುವುದು, ಮಾಸ್ಕ್ ಧರಿಸುವುದು, ಅಂತರ ಕಾಯ್ದುಕೊಳ್ಳುವುದು ಇವೆಲ್ಲ ಒಟ್ಟುಗೂಡಿದಾಗ 2020–21ರ ಚಳಿಗಾಲದಲ್ಲಿ ಉತ್ತರ ಗೋಳಾರ್ಧದಲ್ಲಿ ಫ್ಲೂ ಹೆಚ್ಚುಕಡಿಮೆ ಕಾಣಿಸಿಕೊಳ್ಳಲೇ ಇಲ್ಲ. ಅದರ ಒಂದು ಕವಲಾದ ಬಿ-ಯಮಗಾಟ ವೈರಸ್ 2020ರ ಮಾರ್ಚ್‌ನ ನಂತರ ಖಚಿತವಾಗಿ ಪತ್ತೆಯಾಗದೆ, ಲಸಿಕೆಯಿಂದಲೇ ಅದನ್ನು ಕೈಬಿಡಬಹುದೆಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡುವಂತಾಯಿತು. ಸಾಮಾನ್ಯ ಜನರ ಸಣ್ಣ ಅಭ್ಯಾಸಗಳು ಕೂಡಿದರೆ ಎಷ್ಟು ದೊಡ್ಡ ಕೆಲಸ ಆಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆ ಅಭ್ಯಾಸಗಳಿಗೆ ಆಗ ಪ್ರಚಾರವಿತ್ತು, ಎಲ್ಲೆಡೆ ಸ್ಯಾನಿಟೈಸರ್ ಇತ್ತು, ಗೋಡೆಗೋಡೆಗೂ ಸೂಚನೆಗಳಿದ್ದವು. ಸರ್ಕಾರಗಳು ಮನಸ್ಸು ಮಾಡಿದರೆ ಅಭ್ಯಾಸಗಳಿಗೆ ಕಟ್ಟು ಒದಗಿಸಬಲ್ಲವು ಎಂದಾಯಿತು. ನಡಿಗೆಗೆ, ನಿದ್ರೆಗೆ, ಬಿಪಿ ಮಾತ್ರೆಗೆ ಅಂಥ ಮನಸ್ಸನ್ನು ಯಾರೂ ಮಾಡಲಿಲ್ಲ ಎಂಬುದೇ ನನ್ನ ದೂರು.

ಈ ಸಂದರ್ಭದಲ್ಲಿ ಪತ್ರಿಕೆಗಳ ಬಗ್ಗೆಯೂ ಒಂದು ಮಾತು. ‘ಮನೆಯಲ್ಲೇ ಫಿಟ್ ಆಗಿರಿ’ ಎಂಬಂಥ ಲೇಖನಗಳು ಆ ದಿನಗಳಲ್ಲಿ ಧಾರಾಳವಾಗಿ ಬಂದವು. ಖಾಲಿ ಕೋಣೆ, ನುಣುಪಾದ ನೆಲ, ಚಾಪೆ, ಒಂದು ಗಂಟೆಯ ಬಿಡುವು ಇವೆಲ್ಲ ಓದುಗರ ಬಳಿ ಇದ್ದೇ ಇರುತ್ತವೆ ಎಂದು ಆ ಲೇಖನಗಳು ನಂಬಿದಂತಿತ್ತು. ಒಂದೇ ಕೋಣೆಯಲ್ಲಿ ಐದಾರು ಮಂದಿ ಇರುವ ಮನೆಗೆ, ಮಕ್ಕಳ ಆನ್‌ಲೈನ್ ಪಾಠ, ಅಡುಗೆ, ಹಿರಿಯರ ಆರೈಕೆ, ತನ್ನ ಉದ್ಯೋಗ ನಾಲ್ಕನ್ನೂ ಏಕಕಾಲಕ್ಕೆ ಹೊತ್ತ ಹೆಣ್ಣಿಗೆ, ಮನೆಯಲ್ಲಿ ಕೂರುವ ಆಯ್ಕೆಯೇ ಇಲ್ಲದೆ ಪಾಳಿಯ ಮೇಲೆ ಪಾಳಿ ದುಡಿದ ನರ್ಸುಗಳಿಗೆ, ಸಾಮಾನು ತಲುಪಿಸುವವರಿಗೆ ಆ ಸಲಹೆ ತಾಗುವಂತಿರಲಿಲ್ಲ.

ಕೋವಿಡ್ ಬಂದು ಹೋದ ಮೇಲೂ ತಿಂಗಳುಗಟ್ಟಲೆ ಆಯಾಸ, ಏದುಸಿರು, ಮಂಕು ಕವಿದಂತಾಗುವುದು ಮುಂದುವರಿದವರಿಗಂತೂ ‘ಎದ್ದು ಓಡಾಡಿ, ಸರಿಹೋಗುತ್ತದೆ’ ಎಂಬ ಮಾತು ಹಾನಿಯನ್ನೇ ಮಾಡಬಹುದು. ಲಾಂಗ್ ಕೋವಿಡ್ ಇರುವ ಕೆಲವರಲ್ಲಿ ತುಸು ಶ್ರಮವೂ ಮರುದಿನವೋ ಅದರಾಚೆಯೋ ಅವರನ್ನು ಪೂರ್ತಿ ಕೆಡಹುತ್ತದೆ. ಅಂಥವರಿಗೆ ಬೇಕಿರುವುದು ತಮ್ಮ ಶಕ್ತಿಯ ಮಿತಿಯೊಳಗೆ, ವಿರಾಮಗಳ ನಡುವೆ ದಿನವನ್ನು ಹಂಚಿಕೊಳ್ಳುವ ಕ್ರಮ. ಮೇಲೆ ನಾನು ನಡಿಗೆಯ ಪರವಾಗಿ ಬರೆದದ್ದೆಲ್ಲ ಇವರಿಗೆ ಹಾಗೆಯೇ ಅನ್ವಯಿಸುವುದಿಲ್ಲವೆಂದು ಒತ್ತಿ ಹೇಳುತ್ತೇನೆ.

2025ರ ಮೇ 20ರಂದು ವಿಶ್ವ ಆರೋಗ್ಯ ಸಭೆಯು ಸಾಂಕ್ರಾಮಿಕಗಳನ್ನು ಎದುರಿಸುವ ಅಂತರರಾಷ್ಟ್ರೀಯ ಒಪ್ಪಂದವನ್ನು ಅಂಗೀಕರಿಸಿತು. ಅದರ ಸುತ್ತ ನಡೆದ ಚರ್ಚೆಯ ಬಹುಪಾಲು ಲಸಿಕೆ, ಔಷಧ, ವೈರಸ್ ಮಾದರಿಗಳ ಹಂಚಿಕೆಯನ್ನು ಕುರಿತದ್ದು. ಅದು ಅಗತ್ಯವೇ. ಆದರೆ ಒಪ್ಪಂದವನ್ನು ತಮ್ಮ ತಮ್ಮ ಯೋಜನೆಗಳಾಗಿ ಇಳಿಸುವಾಗ ಸರ್ಕಾರಗಳು ಮೂರ್ನಾಲ್ಕು ಸಾಧಾರಣ ಸಂಗತಿಗಳನ್ನು ಸೇರಿಸಿಕೊಳ್ಳಲೆಂದು ಒತ್ತಾಯಿಸಬೇಕಾಗಿದೆ. ಜನರನ್ನು ಮನೆಯಲ್ಲಿರಿ ಎಂದು ಆದೇಶಿಸುವಾಗಲೇ ಅವರು ಯಾವ ಹೊತ್ತಿನಲ್ಲಿ, ಎಲ್ಲಿ ಸುರಕ್ಷಿತವಾಗಿ ನಡೆದಾಡಬಹುದೆಂದೂ ಅದೇ ಆದೇಶದಲ್ಲಿ ಇರಬೇಕು. ತೆರೆದ ಬಯಲು ಮತ್ತು ಉದ್ಯಾನಗಳನ್ನು ಎಲ್ಲಕ್ಕಿಂತ ಮೊದಲು ಮುಚ್ಚುವ ಬದಲು ಎಲ್ಲಕ್ಕಿಂತ ಕೊನೆಗೆ ಮುಚ್ಚಬೇಕು. ದೀರ್ಘಕಾಲದ ಕಾಯಿಲೆಗಳ ಮಾತ್ರೆಯನ್ನು ಒಂದು ತಿಂಗಳಿಗೆ ಬದಲಾಗಿ ಮೂರು ತಿಂಗಳಿಗೆ ಒಟ್ಟಿಗೆ ಕೊಡುವ ಏರ್ಪಾಡು ಮೊದಲೇ ಸಿದ್ಧವಿರಬೇಕು. ಮನೆಯಿಂದ ಕೆಲಸ ಮಾಡಿಸುವ ಸಂಸ್ಥೆಗಳು ಸಭೆ ಇಲ್ಲದ ಹೊತ್ತನ್ನು ಲಿಖಿತವಾಗಿ ಗುರುತಿಸಿ, ಅದನ್ನು ತಾವೇ ಮುರಿಯದಂತೆ ನಡೆದುಕೊಳ್ಳಬೇಕು.

ಇವೆಲ್ಲಕ್ಕೂ ಮೊದಲು ಆಗಬೇಕಾದದ್ದು ಅಳತೆ. ವಯಸ್ಕರು ಯಾವ ಕಾರಣಕ್ಕೆ ವೈದ್ಯರ ಬಳಿ ಹೋದರೂ ಬಿಪಿ, ತೂಕಗಳ ಜೊತೆಗೆ ನಿದ್ರೆ ಎಷ್ಟು, ದಿನದಲ್ಲಿ ಕೂರುವ ಹೊತ್ತೆಷ್ಟು, ವಾರದಲ್ಲಿ ನಡೆಯುವ ಹೊತ್ತೆಷ್ಟು ಎಂದು ಕೇಳಿ ಚೀಟಿಯಲ್ಲಿ ಬರೆದಿಡಲು ಎರಡು ನಿಮಿಷ ಸಾಕು. ಸಾಂಕ್ರಾಮಿಕ ಎರಗಿದ ಮೇಲೆ ಈ ಅಳತೆ ಶುರು ಮಾಡಿದರೆ ಹೋಲಿಸಿ ನೋಡಲು ಹಿಂದಿನ ಅಂಕಿಯೇ ಇರುವುದಿಲ್ಲ. ಕಳೆದ ಬಾರಿ ಆದದ್ದೂ ಹೆಚ್ಚಿನ ಕಡೆ ಅದೇ. ಆದ್ದರಿಂದ ಅದು ಸಾಂಕ್ರಾಮಿಕವಿಲ್ಲದ ಈ ವರ್ಷಗಳಲ್ಲೇ ಆರಂಭವಾಗಬೇಕು. ಅದಕ್ಕೆ ಆರೋಗ್ಯ ಇಲಾಖೆಗಳ ಒಂದು ಸುತ್ತೋಲೆಯ ಹೊರತು ಹೊಸ ಕಟ್ಟಡವಾಗಲಿ, ಹೊಸ ಯಂತ್ರವಾಗಲಿ ಬೇಕಾಗಿಲ್ಲ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ಫಿಸಿಯೊಥೆರಪಿಸ್ಟ್